ಒಣಗಿದ ಫಿಲ್ಟರ್ ಕಲ್ಲಿಗೆ ಮತ್ತೆ ಜೀವ ತುಂಬೋದು ಹೇಗೆ?

ಬಳ್ಳಿಗಾವಿ, ತಾಳಗುಂದ, ಶಿರಾಳಕೊಪ್ಪದ ಕಡೆ ಅಡಿಕೆ, ಜೋಳದ ಜೊತೆಗೆ ಸಿಮೆಂಟ್ ತೊಟ್ಟಿಯಲ್ಲಿ ಕೋಯಿ, ಗಪ್ಪಿ ಸಾಕುವ ಯುವಕರಿದ್ದಾರೆ. ಬೇಸಿಗೆಯಲ್ಲಿ ನೀರು ಕಮ್ಮಿಯಾದಾಗ ತೊಟ್ಟಿ ಖಾಲಿ ಮಾಡ್ತಾರೆ, ಫಿಲ್ಟರಿನ ಕಲ್ಲು ಬಿಸಿಲಿಗೆ ಬೀಳುತ್ತೆ. ಮಳೆ ಬಂದ ಮೇಲೆ ಅದೇ ಕಲ್ಲು ಹಾಕಿ, ಅವತ್ತೇ ಮರಿ ಬಿಡ್ತಾರೆ. ಪಕ್ಕದ ಹಳ್ಳಿಯ ಹುಡುಗನೊಬ್ಬ ಹೀಗೆ ಬಿಟ್ಟ ಕೋಯಿ ಮರಿಗಳು ಎಂಟು ದಿನದಲ್ಲಿ ಮುಗಿದುಹೋದವು. ರೋಗ ಅಂತ ಔಷಧಿಗೂ ದುಡ್ಡು ಸುರಿದಿದ್ದ. ನಾನು ಹೋಗಿ ನೀರು ಪರೀಕ್ಷೆ ಮಾಡಿದೆ. ರೋಗ ಅಲ್ಲ, ಅಮೋನಿಯಾ.

ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತೆ. ಕಲ್ಲಿಗೆ ಅಂಟಿಕೊಂಡ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಅಷ್ಟೇನಲ್ಲ. ಕಲ್ಲು ಒಣಗಿದ್ರೆ ಇವು ಸಾಯ್ತವೆ. ಮತ್ತೆ ನೀರು ಬಿದ್ದಾಗ ಆ ಸತ್ತ ಲೋಳೆಯೇ ಕೊಳೆತು ಇನ್ನಷ್ಟು ಅಮೋನಿಯಾ ಬಿಡುತ್ತೆ. ಸಾಮಾನ್ಯ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಎರಡಾದ್ರೆ, ಇವಕ್ಕೆ ಹೆಚ್ಚುಕಮ್ಮಿ ಒಂದು ದಿನ ಬೇಕು. ಅದಕ್ಕೇ ಅವಸರ ಇಲ್ಲಿ ನಡೆಯಲ್ಲ.

ಉಪ್ಪುನೀರಿನ ಅಕ್ವೇರಿಯಂನವರು 'ಲೈವ್ ರಾಕ್' ಅನ್ನೋದು ಇಂಥ ಜೀವ ತುಂಬಿದ ಕಲ್ಲಿಗೇ. ವಿಡಿಯೋ ನೋಡಿ ಹವಳದ ಕಲ್ಲು ಹುಡುಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲೇ ಗಟ್ಟಿ ಹವಳಗಳು ಸೇರಿವೆ. ಸಮುದ್ರದಿಂದ ಕಿತ್ತು ತರೋದು, ಮಾರೋದು ಅಪರಾಧ. ನಮಗೆ ಜಂಬಿಟ್ಟಿಗೆಯ ಚೂರು ಸಾಕು, ಮೈತುಂಬ ತೂತು. (ನಮ್ಮೂರ ಹೊಲದಲ್ಲಿ ಗುದ್ದಲಿ ಹಾಕಿದ್ರೆ ಕೆತ್ತನೆ ಕಲ್ಲು ಸಿಗಬಹುದು. ಅದನ್ನು ತೊಟ್ಟಿಗೆ ಹಾಕಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ. ಬಳಪದ ಕಲ್ಲಲ್ಲಿ ತೂತೂ ಇರಲ್ಲ!)

ಶುರು ಮಾಡೋಕೆ ಮೊದಲು ಒಂದು ಪ್ರಶ್ನೆ: ಆ ಕಲ್ಲಿಗೆ ಯಾವತ್ತಾದ್ರೂ ಮೈಲುತುತ್ತು ತಾಗಿದೆಯಾ? ಕೊಳೆರೋಗಕ್ಕೆ ಬೋರ್ಡೋ ಕಲಸಿದ ಡ್ರಮ್ಮು, ತೋಟದಿಂದ ಹರಿದು ಬಂದ ನೀರು, ಮೀನಿನ ರೋಗಕ್ಕೆ ಹಾಕಿದ ತಾಮ್ರದ ಔಷಧಿ, ಯಾವುದಾದ್ರೂ ಸರಿ. ಜಂಬಿಟ್ಟಿಗೆಯ ಕಬ್ಬಿಣದಂಶ ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬಿಡಬಹುದು. ಸೀಗಡಿ, ಬಸವನಹುಳು ಮೊದಲು ಸಾಯ್ತವೆ, ಮೆದು ನೀರಿನಲ್ಲಿ ಮೀನೂ ಉಳಿಯಲ್ಲ. ಅನುಮಾನ ಇದ್ರೆ ಆ ಕಲ್ಲನ್ನು ದಾರಿಗೆ ಹಾಕಿ, ಹೊಸದು ತನ್ನಿ.

ಕಲ್ಲನ್ನು ಬಕೆಟ್ ನೀರಲ್ಲಿ ಮುಳುಗಿಸಿ ಗಟ್ಟಿ ಬ್ರಷ್‌ನಿಂದ ಉಜ್ಜಿ. ಸೋಪು, ಬ್ಲೀಚಿಂಗ್ ಪೌಡರ್ ಮುಟ್ಟಿಸಬೇಡಿ. ಕೊಳೆತ ಮೊಟ್ಟೆ ವಾಸನೆ ಹೋಗುವ ತನಕ ನೀರು ಬದಲಿಸಿ. ಆಮೇಲೆ 200 ಲೀಟರ್ ಡ್ರಮ್ಮಿಗೆ ಹಾಕಿ, ಬೋರ್‌ವೆಲ್ ನೀರು ತುಂಬಿ, ನೆರಳಲ್ಲಿಟ್ಟು, ಏರ್ ಪಂಪ್ ಹಗಲೂ ರಾತ್ರಿ ಓಡಿಸಿ. 25ರಿಂದ 30 ಡಿಗ್ರಿ ಶಾಖ ಒಳ್ಳೆಯದು. ಹೆಪ್ಪು ಬೇಕಲ್ಲ, ಅದಕ್ಕೆ ರೋಗವಿಲ್ಲದ ಹಳೆ ತೊಟ್ಟಿಯಿಂದ ಒಂದು ಬೊಗಸೆ ಒದ್ದೆ ಕಲ್ಲು ತಂದು ಸೇರಿಸಿ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಅಮೋನಿಯಾ 1ರಿಂದ 2 ಪಿಪಿಎಂ ಬಂದ್ರೆ ಸಾಕು. ಜಾಸ್ತಿಯಾದ್ರೆ ಅರ್ಧ ನೀರು ಬದಲಿಸಿ.

ನಮ್ಮ ಜಂಬಿಟ್ಟಿಗೆಗೂ ಹವಳದ ಕಲ್ಲಿಗೂ ವ್ಯತ್ಯಾಸ ಇರೋದು ಸುಣ್ಣದಲ್ಲಿ. ಹವಳ ಪೂರ್ತಿ ಸುಣ್ಣ, ಜಂಬಿಟ್ಟಿಗೆಯಲ್ಲಿ ಅದಿಲ್ಲ. ಒಂದು ಗ್ರಾಂ ಅಮೋನಿಯಾ ಸಾರಜನಕ ಕರಗಿಸೋಕೆ ಬ್ಯಾಕ್ಟೀರಿಯಾ ಸುಮಾರು 7 ಗ್ರಾಂ ಸುಣ್ಣಕ್ಕೆ ಸಮನಾದ ಕ್ಷಾರ ತಿನ್ನುತ್ತೆ. ಮಳೆನೀರು ತುಂಬಿದ ತೊಟ್ಟಿಯಲ್ಲಿ ಪಿಎಚ್ 6.5ಕ್ಕಿಂತ ಕೆಳಗಿಳಿದು ಕೆಲಸ ತೀರಾ ನಿಧಾನವಾಗುತ್ತೆ. ಎಷ್ಟೋ ಜನ 'ಕಲ್ಲು ಸರಿ ಇಲ್ಲ' ಅಂತ ಬೈಯೋದು ಇದಕ್ಕೇ. 200 ಲೀಟರಿಗೆ 17 ಗ್ರಾಂ ಅಡಿಗೆ ಸೋಡಾ ಹಾಕಿದ್ರೆ ಕ್ಷಾರ ಸುಮಾರು 50 ಪಿಪಿಎಂ ಏರುತ್ತೆ. ಜೊತೆಗೆ ಒಂದು ಚೀಲ ಕಪ್ಪೆಚಿಪ್ಪು ನೇತುಬಿಡಿ.

ಎರಡು ದಿನಕ್ಕೊಮ್ಮೆ ಕಿಟ್‌ನಲ್ಲಿ ಪರೀಕ್ಷೆ ಮಾಡಿ, ಒಂದೇ ಜಾಗದ ಬೆಳಕಲ್ಲಿ ಮೊಬೈಲಿನಿಂದ ಫೋಟೋ ತೆಗೆದಿಡಿ. ಬಣ್ಣ ನೆನಪಲ್ಲಿ ಉಳಿಯಲ್ಲ, ಫೋಟೋದಲ್ಲಿ ಉಳಿಯುತ್ತೆ. ಮೊದಲು ಅಮೋನಿಯಾ ಏರುತ್ತೆ, ಆಮೇಲೆ ಅದು ಇಳಿದು ನೈಟ್ರೈಟ್ ಏರುತ್ತೆ. ಬಹಳ ಜನ ಇಲ್ಲೇ ಮರಿ ಬಿಡೋದು. ಬೇಡ, ನೈಟ್ರೈಟೂ ಇಳಿಯಲಿ. ಕೊನೆಯಲ್ಲಿ ಅಮೋನಿಯಾ 1 ಪಿಪಿಎಂ ಮಾಡಿದ್ರೆ 24 ಗಂಟೆಯಲ್ಲಿ ಎರಡೂ ಸೊನ್ನೆ ಆಗಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಹೆಪ್ಪು ಒಳ್ಳೆಯದಿದ್ರೆ ಬೇಗ. ಆಮೇಲೂ ಮೊದಲ ವಾರ ಕಾಲುಭಾಗ ಮರಿ ಮಾತ್ರ ಬಿಡಿ.

ಕರೆಂಟು ಹೋಗಿ ಗಂಟೆಗಟ್ಟಲೆ ಬರದಿದ್ರೆ ಫಿಲ್ಟರಿನ ನೀರು ಬಸಿದುಬಿಡಿ. ನಿಂತ ನೀರಲ್ಲಿ ಉಸಿರುಕಟ್ಟೋದಕ್ಕಿಂತ ಒದ್ದೆಯಾಗಿ ಗಾಳಿಯಲ್ಲಿರೋದು ಕಲ್ಲಿಗೆ ಕ್ಷೇಮ, ಮೇಲೊಂದು ಒದ್ದೆ ಗೋಣಿಚೀಲ ಹೊದಿಸಿ. ಜೂನ್ ಕೊನೆಗೆ ಮರಿ ತರೋರು ಮೇ ಮಧ್ಯದೊಳಗೆ ಡ್ರಮ್ಮು ತುಂಬಿಸಿ. ಬೋರ್ಡೋ ಹೊಡೆಯೋ ದಿನ ಡ್ರಮ್ಮಿಗೂ ತೊಟ್ಟಿಗೂ ಟಾರ್ಪಾಲು ಮುಚ್ಚಿ.