ಅರಿವು ಕೇಂದ್ರಕ್ಕೆ ಕಂಪ್ಯೂಟರ್ ಪ್ರಮಾಣಪತ್ರ ಪರೀಕ್ಷೆಯ ಕೈಪಿಡಿ: ಆಯ್ಕೆಯ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

1. ಪೀಠಿಕೆ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಒಳಪಟ್ಟವು. ಅನಂತರ ಅವು ‘ಅರಿವು ಕೇಂದ್ರ’ಗಳೆಂದು ಹೆಸರಾದವು. ಈ ಕೇಂದ್ರಗಳಿಗೆ ಬರುವ ಯುವಜನರು ಕಥೆ, ಕಾದಂಬರಿ, ದಿನಪತ್ರಿಕೆಗಳ ಜೊತೆಗೆ ಉದ್ಯೋಗಕ್ಕೆ ನೆರವಾಗುವ ಪುಸ್ತಕಗಳನ್ನೂ ಕೇಳುತ್ತಾರೆ. ಕಂಪ್ಯೂಟರ್ ದುರಸ್ತಿ ಹಾಗೂ ನಿರ್ವಹಣೆಗೆ ಸಂಬಂಧಿಸಿದ ಪ್ರವೇಶ ಹಂತದ ಪ್ರಮಾಣಪತ್ರ ಪರೀಕ್ಷೆಯ ಕೈಪಿಡಿಗಳು ಅಂತಹ ಬೇಡಿಕೆಗಳಲ್ಲಿ ಒಂದು.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಡಿಪ್ಲೊಮಾ ಮುಗಿಸಿದ ಯುವತಿಯೊಬ್ಬಳು ಗ್ರಾಮಸಭೆಯಲ್ಲಿ ಇಂತಹ ಪುಸ್ತಕಕ್ಕೆ ಮನವಿ ಸಲ್ಲಿಸುತ್ತಾಳೆ. ಸಭೆ ಒಪ್ಪುತ್ತದೆ. ದರಪಟ್ಟಿಗಳಲ್ಲಿ ಅತಿ ಕಡಿಮೆ ಬೆಲೆಯ ಪುಸ್ತಕ ಖರೀದಿಯಾಗುತ್ತದೆ. ಆಕೆ ಆರು ತಿಂಗಳು ಶ್ರದ್ಧೆಯಿಂದ ಓದಿ, ಮನೆಯವರು ಹೊಂದಿಸಿಕೊಟ್ಟ ಹಣದಿಂದ ಶುಲ್ಕ ಕಟ್ಟಲು ಹೊರಟಾಗ, ತಾನು ಓದಿದ ಸರಣಿಯ ಪರೀಕ್ಷೆಯೇ ನಿಂತುಹೋಗಿದೆ ಎಂಬುದು ತಿಳಿಯುತ್ತದೆ. ಖರೀದಿಯ ಕಡತದಲ್ಲಿ ಯಾವ ಲೋಪವೂ ಕಾಣುವುದಿಲ್ಲ. ಮೂರು ದರಪಟ್ಟಿ, ಸಭಾ ನಡವಳಿ, ದಾಸ್ತಾನು ವಹಿಯ ನಮೂದು ಎಲ್ಲವೂ ಕ್ರಮಬದ್ಧವಾಗಿವೆ. ಆದರೂ ನಷ್ಟವಾಗಿದೆ, ಮತ್ತು ಆ ನಷ್ಟ ಓದಿದವಳ ಪಾಲಿಗೆ ಬಂದಿದೆ. ಇಂತಹ ಸ್ಥಿತಿ ಒದಗದಂತೆ ಸದಸ್ಯರು ಪರಿಶೀಲಿಸಬೇಕಾದ ಅಂಶಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಇದಕ್ಕೆ ಕಂಪ್ಯೂಟರ್ ತಜ್ಞತೆಯ ಅಗತ್ಯವಿಲ್ಲ.

2. ಪರೀಕ್ಷೆಯ ಸ್ವರೂಪ

ಈ ಹಂತದ ಪರೀಕ್ಷೆಗಳಲ್ಲಿ ಹೆಚ್ಚು ಪರಿಚಿತವಾದುದು ಅಮೆರಿಕ ಮೂಲದ ಕಾಂಪ್‌ಟಿಯಾ ಸಂಸ್ಥೆಯ ‘ಎ ಪ್ಲಸ್’ ಪರೀಕ್ಷೆ. ಇದು 1993ರಿಂದ ನಡೆದುಬಂದಿದೆ. ಪ್ರಮಾಣಪತ್ರ ಪಡೆಯಲು ಎರಡು ಪತ್ರಿಕೆಗಳಲ್ಲಿ ಉತ್ತೀರ್ಣರಾಗಬೇಕು. ಅವುಗಳನ್ನು ಕೋರ್ 1 ಮತ್ತು ಕೋರ್ 2 ಎಂದು ಕರೆಯಲಾಗುತ್ತದೆ. ಪ್ರತಿ ಪತ್ರಿಕೆಗೆ 90 ನಿಮಿಷಗಳ ಅವಧಿ ಇದ್ದು, ಗರಿಷ್ಠ 90 ಪ್ರಶ್ನೆಗಳಿರುತ್ತವೆ. 100ರಿಂದ 900ರವರೆಗಿನ ಅಂಕಮಾನದಲ್ಲಿ ಕೋರ್ 1ಕ್ಕೆ 675 ಮತ್ತು ಕೋರ್ 2ಕ್ಕೆ 700 ಅಂಕಗಳು ಉತ್ತೀರ್ಣತೆಗೆ ಬೇಕು. ಪತ್ರಿಕೆಗಳಿಗೆ ಶುಲ್ಕ ಪ್ರತ್ಯೇಕ. ಅನುತ್ತೀರ್ಣರಾದವರು ಮರುಪರೀಕ್ಷೆಗೆ ಮತ್ತೆ ಶುಲ್ಕ ಕಟ್ಟಬೇಕು. ಆದುದರಿಂದ ತಪ್ಪು ಪುಸ್ತಕದ ಬೆಲೆ ಅದರ ಮುಖಬೆಲೆಗಿಂತ ಬಹಳ ಹೆಚ್ಚಾಗುತ್ತದೆ.

ಪ್ರಮಾಣಪತ್ರಕ್ಕೆ ಮೂರು ವರ್ಷಗಳ ಮಾನ್ಯತೆ ಇದ್ದು, ಆ ಬಳಿಕ ನವೀಕರಿಸಬೇಕು. ಕಂಪ್ಯೂಟರ್ ಸಹಾಯ ಕೇಂದ್ರ, ಕ್ಷೇತ್ರ ದುರಸ್ತಿ, ಕಚೇರಿಗಳ ತಾಂತ್ರಿಕ ನೆರವು ಮೊದಲಾದ ಖಾಸಗಿ ಉದ್ಯೋಗಗಳಿಗೆ ಇದು ಅನುಕೂಲಕರ. ಆದರೆ ಸರ್ಕಾರಿ ನೇಮಕಾತಿಯ ಅರ್ಹತೆಗಳನ್ನು ಆಯಾ ಅಧಿಸೂಚನೆಯೇ ನಿಗದಿಪಡಿಸುತ್ತದೆ. ಈ ಪ್ರಮಾಣಪತ್ರ ಆ ಅರ್ಹತೆಗೆ ಪರ್ಯಾಯವಲ್ಲ. ಈ ಸಂಗತಿಯನ್ನು ಓದುಗರಿಗೆ ಮೊದಲೇ ತಿಳಿಸುವುದು ಸದಸ್ಯರ ಕರ್ತವ್ಯವೆನ್ನಬಹುದು.

3. ಮೊದಲ ಪರಿಶೀಲನೆ: ಸರಣಿ ಸಂಖ್ಯೆ

ಪುಸ್ತಕದ ಹೊದಿಕೆಯಲ್ಲಿ ಪರೀಕ್ಷೆಯ ಸರಣಿ ಸಂಖ್ಯೆ ಮುದ್ರಿತವಾಗಿರುತ್ತದೆ. ಬೆಲೆ, ಪುಟಸಂಖ್ಯೆ, ಲೇಖಕರ ಹೆಸರು ಇವೆಲ್ಲಕ್ಕಿಂತ ಮೊದಲು ನೋಡಬೇಕಾದುದು ಈ ಸಂಖ್ಯೆ. 2019ರಲ್ಲಿ 220-1001 ಮತ್ತು 220-1002, 2022ರಲ್ಲಿ 220-1101 ಮತ್ತು 220-1102, 2025ರ ಮಾರ್ಚ್‌ನಲ್ಲಿ 220-1201 ಮತ್ತು 220-1202 ಜಾರಿಗೆ ಬಂದವು. 1101 ಮತ್ತು 1102 ಪತ್ರಿಕೆಗಳು 2025ರ ಸೆಪ್ಟೆಂಬರ್‌ನಲ್ಲಿ ನಿಂತವು. ಎರಡೂ ಪತ್ರಿಕೆಗಳನ್ನು ಒಂದೇ ಸರಣಿಯಲ್ಲಿ ಪೂರೈಸಬೇಕು; ಹಳೆಯ ಸರಣಿಯ ಒಂದನ್ನು ಹೊಸ ಸರಣಿಯ ಇನ್ನೊಂದಕ್ಕೆ ಜೋಡಿಸಲು ಅವಕಾಶವಿಲ್ಲ.

ಸುಮಾರು ಮೂರು ವರ್ಷಗಳಿಗೊಮ್ಮೆ ಸರಣಿ ಬದಲಾಗುವುದನ್ನು ಈ ವರ್ಷಗಳು ತೋರಿಸುತ್ತವೆ. ಸರಣಿ ಬದಲಾದ ಮೇಲೆ ಹಳೆಯ ಪುಸ್ತಕಗಳ ಬೆಲೆ ಕುಸಿಯುತ್ತದೆ. ಕಡಿಮೆ ದರದ ಪಟ್ಟಿಯಲ್ಲಿ ಅವೇ ಮೊದಲು ಕಾಣಿಸಿಕೊಳ್ಳುವುದು ಸಹಜ. ಆದುದರಿಂದ ದರಪಟ್ಟಿ ಕರೆಯುವ ಪತ್ರದಲ್ಲಿ ‘ಎ ಪ್ಲಸ್ ಪರೀಕ್ಷೆಯ ಪುಸ್ತಕ’ ಎಂದಷ್ಟೇ ಬರೆದರೆ ಸಾಲದು. ಸರಣಿ ಸಂಖ್ಯೆ, ಆವೃತ್ತಿ ಮತ್ತು ಐಎಸ್‌ಬಿಎನ್ ಸಂಖ್ಯೆಗಳನ್ನು ಸ್ಪಷ್ಟವಾಗಿ ನಮೂದಿಸಬೇಕು. ಹಾಗೆ ನಮೂದಿಸಿದಾಗ ಮಾತ್ರ ದರಗಳ ಹೋಲಿಕೆಗೆ ಅರ್ಥ ಬರುತ್ತದೆ. ದಾನವಾಗಿ ಬಂದ ಹಳೆಯ ಪುಸ್ತಕವನ್ನು ನಿರಾಕರಿಸಬೇಕಾಗಿಲ್ಲ. ಯಂತ್ರಾಂಶದ ಮೂಲತತ್ವಗಳು ಅದರಲ್ಲೂ ಇರುತ್ತವೆ. ಆದರೆ ‘ಈ ಸರಣಿಯ ಪರೀಕ್ಷೆ ಮುಗಿದಿದೆ, ಪರಾಮರ್ಶನೆಗೆ ಮಾತ್ರ’ ಎಂಬ ಚೀಟಿಯನ್ನು ಹೊದಿಕೆಯ ಮೇಲೆ ಅಂಟಿಸಬೇಕು.

4. ಎರಡನೆಯ ಪರಿಶೀಲನೆ: ವಿಷಯಪಟ್ಟಿ

ಪರೀಕ್ಷೆ ನಡೆಸುವ ಸಂಸ್ಥೆಯು ಪ್ರತಿ ಪತ್ರಿಕೆಯಲ್ಲಿ ಏನೇನು ಕೇಳಲಾಗುವುದೆಂಬ ವಿಷಯಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ನೀಡುತ್ತದೆ. ಅರಿವು ಕೇಂದ್ರದ ಮೇಲ್ವಿಚಾರಕರು ಅದನ್ನು ಮುದ್ರಿಸಿ ಕಡತದಲ್ಲಿ ಇಡಬೇಕು. 1201 ಮತ್ತು 1202 ಪತ್ರಿಕೆಗಳಲ್ಲಿ ವಿಷಯಗಳ ಪಾಲು ಹೀಗಿದೆ:

ಕೋರ್ 1: ಮೊಬೈಲ್ ಸಾಧನಗಳು ಶೇ. 13, ನೆಟ್‌ವರ್ಕ್ ಶೇ. 23, ಯಂತ್ರಾಂಶ ಶೇ. 25, ವರ್ಚುಯಲೈಸೇಶನ್ ಮತ್ತು ಕ್ಲೌಡ್ ಶೇ. 11, ಯಂತ್ರಾಂಶ ಹಾಗೂ ನೆಟ್‌ವರ್ಕ್ ದೋಷ ಪತ್ತೆ ಶೇ. 28.

ಕೋರ್ 2: ಕಾರ್ಯಾಚರಣಾ ವ್ಯವಸ್ಥೆಗಳು ಶೇ. 28, ಭದ್ರತೆ ಶೇ. 28, ತಂತ್ರಾಂಶ ದೋಷ ಪತ್ತೆ ಶೇ. 23, ಕಾರ್ಯವಿಧಾನಗಳು ಶೇ. 21.

ಈ ಪಟ್ಟಿಯನ್ನು ಪುಸ್ತಕದ ಪರಿವಿಡಿಯ ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ತಾನಾಗಿ ತಿಳಿಯುತ್ತದೆ. ಎರಡೂ ಪತ್ರಿಕೆಗಳಲ್ಲಿ ನಾಲ್ಕನೆಯ ಒಂದು ಭಾಗದಷ್ಟು ದೋಷ ಪತ್ತೆಗೇ ಮೀಸಲಾಗಿದೆ. ಬಿಡಿಭಾಗಗಳ ಹೆಸರು ಮತ್ತು ಚಿತ್ರಗಳಿಗೆ ನೂರಾರು ಪುಟ ಮೀಸಲಿಟ್ಟು, ದೋಷ ಪತ್ತೆಯನ್ನು ಕೊನೆಯ ಹತ್ತು ಪುಟಗಳಲ್ಲಿ ಮುಗಿಸಿದ ಪುಸ್ತಕ ಎಷ್ಟು ದಪ್ಪವಿದ್ದರೂ ಸಾಕಾಗದು.

5. ಮೂರನೆಯ ಪರಿಶೀಲನೆ: ಕಾರಣ ಹೇಳುವ ಪುಸ್ತಕವೇ?

ಕುಡಿಯುವ ನೀರಿನ ಕೊಳವೆಬಾವಿ ನಿಂತಾಗ ಅನುಭವಿ ನೀರುಗಂಟಿ ತಕ್ಷಣ ಮೋಟಾರನ್ನು ಮೇಲೆತ್ತಿಸುವುದಿಲ್ಲ. ವಿದ್ಯುತ್ ಮೂರೂ ಫೇಸ್‌ಗಳಲ್ಲಿ ಬರುತ್ತಿದೆಯೇ, ಸ್ಟಾರ್ಟರ್ ಸರಿಯಿದೆಯೇ, ಕೇಬಲ್ ಸುಟ್ಟಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ಎ ಪ್ಲಸ್ ಪಠ್ಯದ ದೋಷ ಪತ್ತೆ ಕ್ರಮವೂ ಹೀಗೆಯೇ ಇದೆ. ಸಮಸ್ಯೆಯನ್ನು ಗುರುತಿಸುವುದು, ಸಂಭವನೀಯ ಕಾರಣವನ್ನು ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು, ಪರಿಹಾರವನ್ನು ಯೋಜಿಸಿ ಜಾರಿಗೊಳಿಸುವುದು, ಎಲ್ಲವೂ ಸರಿಯಾಯಿತೇ ಎಂದು ಖಚಿತಪಡಿಸಿಕೊಳ್ಳುವುದು, ಕೊನೆಗೆ ದಾಖಲಿಸುವುದು. ಒಳ್ಳೆಯ ಕೈಪಿಡಿ ಈ ಕ್ರಮವನ್ನು ಕಂಠಪಾಠ ಮಾಡಿಸದೆ ಅಭ್ಯಾಸ ಮಾಡಿಸುತ್ತದೆ.

ಸದಸ್ಯರು ಇದನ್ನು ಒಂದು ಸಣ್ಣ ಪ್ರಶ್ನೆಯಿಂದ ಪರೀಕ್ಷಿಸಬಹುದು. ಕಚೇರಿಯ ಲೇಸರ್ ಪ್ರಿಂಟರ್‌ನಿಂದ ಬಂದ ಪ್ರತಿಯನ್ನು ಬೆರಳಿನಿಂದ ಉಜ್ಜಿದರೆ ಅಕ್ಷರ ಅಳಿಸಿಹೋಗುತ್ತದೆ ಎಂದಿರಲಿ. ಇದಕ್ಕೆ ಕಾರಣವೇನೆಂದು ಪುಸ್ತಕದ ಪ್ರಿಂಟರ್ ಅಧ್ಯಾಯದಲ್ಲಿ ಹುಡುಕಬೇಕು. ಲೇಸರ್ ಮುದ್ರಣವು ಪ್ರೊಸೆಸಿಂಗ್, ಚಾರ್ಜಿಂಗ್, ಎಕ್ಸ್‌ಪೋಸಿಂಗ್, ಡೆವಲಪಿಂಗ್, ಟ್ರಾನ್ಸ್‌ಫರಿಂಗ್, ಫ್ಯೂಸಿಂಗ್, ಕ್ಲೀನಿಂಗ್ ಎಂಬ ಏಳು ಹಂತಗಳಲ್ಲಿ ನಡೆಯುತ್ತದೆ. ಕಾಗದದ ಮೇಲೆ ಬಿದ್ದ ಟೋನರ್ ಪುಡಿಯನ್ನು ಶಾಖ ಮತ್ತು ಒತ್ತಡದಿಂದ ಕರಗಿಸಿ ಅಂಟಿಸುವುದು ಫ್ಯೂಸರ್. ಅದು ಸಾಕಷ್ಟು ಕಾಯದಿದ್ದರೆ ಅಕ್ಷರ ಉಜ್ಜಿದಾಗ ಅಳಿಸುತ್ತದೆ. ಏಳು ಹೆಸರುಗಳನ್ನು ಪಟ್ಟಿ ಮಾಡಿ ನಿಲ್ಲಿಸಿದ ಪುಸ್ತಕಕ್ಕಿಂತ, ಈ ಲಕ್ಷಣದಿಂದ ಆ ಭಾಗಕ್ಕೆ ಓದುಗರನ್ನು ಕರೆದೊಯ್ಯುವ ಪುಸ್ತಕ ಉತ್ತಮ. ಅದನ್ನು ಓದಿದವರು ಪರೀಕ್ಷೆಯಲ್ಲಿ ಉತ್ತರಿಸುವುದಲ್ಲದೆ, ಕಚೇರಿಯ ಪ್ರಿಂಟರ್ ಕೆಟ್ಟಾಗ ಟೋನರ್ ಬದಲಿಸಿ ಹಣ ಪೋಲು ಮಾಡುವುದನ್ನೂ ತಪ್ಪಿಸಬಲ್ಲರು.

6. ನಾಲ್ಕನೆಯ ಪರಿಶೀಲನೆ: ಓದುವವರ ಭಾಷೆ

ಈ ಪರೀಕ್ಷೆ ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಪಠ್ಯವನ್ನೇ ಅವಲಂಬಿಸಬೇಕಾಗುತ್ತದೆ. ಮೈಕ್ ಮೇಯರ್ಸ್ ಅವರ ಕೈಪಿಡಿಯಂತಹ ಪೂರ್ಣ ಪಠ್ಯಗಳು ಸಾವಿರ ಪುಟಗಳನ್ನು ಮೀರುತ್ತವೆ. ಅವುಗಳ ನಿರೂಪಣೆ ಮಾತಿನ ಧಾಟಿಯಲ್ಲಿದ್ದು ಹಂತಹಂತವಾಗಿ ಸಾಗುತ್ತದೆ. ಸಂಕ್ಷಿಪ್ತ ಪುಸ್ತಕಗಳಲ್ಲಿ ಪುಟ ಕಡಿಮೆ, ಆದರೆ ವಾಕ್ಯಗಳು ಬಿಗಿ. ಅವು ವಿಷಯ ಬಲ್ಲವರ ಪುನರಾವರ್ತನೆಗೆ ಉದ್ದೇಶಿತವಾದವು. ಪುಟ ಕಡಿಮೆಯೆಂದ ಮಾತ್ರಕ್ಕೆ ಪುಸ್ತಕ ಸುಲಭವೆಂದು ಭಾವಿಸಬಾರದು.

ಖರೀದಿಗೆ ಮುನ್ನ ಪುಸ್ತಕದ ಮಾದರಿ ಪುಟಗಳನ್ನು ಪಡೆದು, ಬೇಡಿಕೆ ಸಲ್ಲಿಸಿದ ಯುವಜನರಿಗೇ ಕೊಟ್ಟು ಓದಿಸಬೇಕು. ಎರಡು ಪುಟ ಓದಿ ಅದರ ಸಾರವನ್ನು ಕನ್ನಡದಲ್ಲಿ ಹೇಳಲು ಅವರಿಗೆ ಸಾಧ್ಯವಾದರೆ ಆ ಪುಸ್ತಕ ಅವರಿಗೆ ಹೊಂದುತ್ತದೆ. ಈ ನಿರ್ಣಯದಲ್ಲಿ ಸದಸ್ಯರ ಅಥವಾ ಮಾರಾಟಗಾರರ ಅಭಿಪ್ರಾಯಕ್ಕಿಂತ ಓದುವವರ ಅನುಭವವೇ ಮುಖ್ಯ. ಪ್ರೊಫೆಸರ್ ಮೆಸ್ಸರ್ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವ ವಿಡಿಯೊ ಪಾಠಗಳನ್ನು ಕೇಂದ್ರದ ಕಂಪ್ಯೂಟರ್‌ನಲ್ಲಿ ನೋಡಲು ಅವಕಾಶ ಕಲ್ಪಿಸಿದರೆ ಪುಸ್ತಕದ ಓದು ಹಗುರವಾಗುತ್ತದೆ.

7. ಖರೀದಿಸಬಾರದ ವಸ್ತು

‘ನಿಜವಾದ ಪ್ರಶ್ನೆಗಳು’, ‘ಶೇ. 100 ಉತ್ತೀರ್ಣ ಖಾತರಿ’ ಎಂಬ ಘೋಷಣೆಯೊಂದಿಗೆ ಮಾರಾಟವಾಗುವ ಪ್ರಶ್ನೋತ್ತರ ಸಂಗ್ರಹಗಳಿವೆ. ಇವುಗಳನ್ನು ‘ಡಂಪ್’ ಎಂದು ಕರೆಯಲಾಗುತ್ತದೆ. ಇವು ಸೋರಿಕೆಯಾದ ಪ್ರಶ್ನೆಪತ್ರಿಕೆಗೆ ಸಮಾನ. ಪರೀಕ್ಷಾರ್ಥಿ ಒಪ್ಪುವ ಷರತ್ತುಗಳ ಪ್ರಕಾರ ಇವುಗಳ ಬಳಕೆ ನಿಷಿದ್ಧವಾಗಿದ್ದು, ಪ್ರಮಾಣಪತ್ರ ರದ್ದಾಗಬಹುದು ಮತ್ತು ಮುಂದೆ ಪರೀಕ್ಷೆ ಬರೆಯಲು ನಿರ್ಬಂಧ ಬರಬಹುದು. ಸಾರ್ವಜನಿಕ ಹಣದಿಂದ ಇಂತಹ ವಸ್ತುವನ್ನು ಕೊಳ್ಳುವುದು ಯಾವ ಕಾರಣಕ್ಕೂ ಸಲ್ಲದು. ಪ್ರಕಾಶಕರು ಸ್ವಂತವಾಗಿ ರಚಿಸಿದ ಅಭ್ಯಾಸ ಪ್ರಶ್ನೆಗಳ ಪುಸ್ತಕ ಇದಕ್ಕಿಂತ ಭಿನ್ನ. ಪ್ರತಿ ಉತ್ತರ ಏಕೆ ಸರಿ, ಉಳಿದವು ಏಕೆ ತಪ್ಪು ಎಂಬ ವಿವರಣೆ ಅದರಲ್ಲಿರುತ್ತದೆ.

8. ಪ್ರತಿಗಳ ಸಂಖ್ಯೆ ಮತ್ತು ಬಳಕೆ

ಮೂರು ವರ್ಷಗಳಲ್ಲಿ ಹಳತಾಗುವ ಪುಸ್ತಕವನ್ನು ಹೆಚ್ಚು ಪ್ರತಿಗಳಲ್ಲಿ ಕೊಳ್ಳುವುದು ಸೂಕ್ತವಲ್ಲ. ಒಂದು ಪೂರ್ಣ ಪಠ್ಯ ಮತ್ತು ಒಂದು ಅಭ್ಯಾಸ ಪ್ರಶ್ನೆಗಳ ಪುಸ್ತಕ ಆರಂಭಕ್ಕೆ ಸಾಕು. ಪುಸ್ತಕದೊಳಗೆ ಬರುವ ಆನ್‌ಲೈನ್ ಅಭ್ಯಾಸದ ಸಂಕೇತವು ಸಾಮಾನ್ಯವಾಗಿ ಒಬ್ಬರ ಖಾತೆಗೆ ಮಾತ್ರ ಅನ್ವಯಿಸುತ್ತದೆ. ಗ್ರಂಥಾಲಯದ ಪ್ರತಿಯಲ್ಲಿ ಮೊದಲು ಓದಿದವರು ಅದನ್ನು ಬಳಸಿದರೆ ಉಳಿದವರಿಗೆ ದೊರೆಯದು. ಆದುದರಿಂದ ಆ ಸೌಲಭ್ಯಕ್ಕಾಗಿ ಹೆಚ್ಚಿನ ಬೆಲೆ ತೆರಬಾರದು.

ಪುಸ್ತಕದ ಜೊತೆಗೆ ಕೈಕೆಲಸವೂ ಬೇಕು. ಪಂಚಾಯಿತಿಯಲ್ಲಿ ಬಳಕೆಗೆ ಬಾರದೆ ಉಳಿದ ಕಂಪ್ಯೂಟರ್ ಇದ್ದಲ್ಲಿ, ನಿಯಮಾನುಸಾರ ಸಭೆಯ ಅನುಮೋದನೆ ಪಡೆದು, ದಾಸ್ತಾನು ವಹಿಯಲ್ಲಿ ದಾಖಲಿಸಿ ಕಲಿಕೆಗೆ ನೀಡುವ ಬಗ್ಗೆ ಚರ್ಚಿಸಬಹುದು. ಅದಕ್ಕೂ ಮುನ್ನ ಸಾರ್ವಜನಿಕರ ಮಾಹಿತಿಯಿರುವ ಹಾರ್ಡ್ ಡಿಸ್ಕ್ ಅನ್ನು ತೆಗೆದಿರಿಸತಕ್ಕದ್ದು. ಪವರ್ ಸಪ್ಲೈ ಪೆಟ್ಟಿಗೆಯನ್ನು ಯಾರೂ ಬಿಚ್ಚಬಾರದು. ವಿದ್ಯುತ್ ಸಂಪರ್ಕ ತೆಗೆದ ನಂತರವೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

9. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

(ಅ) ಹೊದಿಕೆಯ ಮೇಲಿನ ಸರಣಿ ಸಂಖ್ಯೆಯ ಪರೀಕ್ಷೆ ಈಗ ಜಾರಿಯಲ್ಲಿದೆಯೇ? ಅದನ್ನು ಸಂಸ್ಥೆಯ ಜಾಲತಾಣದಲ್ಲಿ ಖಚಿತಪಡಿಸಿಕೊಂಡವರು ಯಾರು, ಯಾವ ದಿನಾಂಕದಂದು?
(ಆ) ಪುಸ್ತಕವು ಎರಡೂ ಪತ್ರಿಕೆಗಳಿಗೆ ಅನ್ವಯಿಸುತ್ತದೆಯೇ, ಒಂದಕ್ಕೆ ಮಾತ್ರವೇ?
(ಇ) ಅಧಿಕೃತ ವಿಷಯಪಟ್ಟಿಯೊಂದಿಗೆ ಪರಿವಿಡಿಯನ್ನು ಹೋಲಿಸಲಾಗಿದೆಯೇ?
(ಈ) ಬೇಡಿಕೆ ಸಲ್ಲಿಸಿದವರು ಮಾದರಿ ಪುಟಗಳನ್ನು ಓದಿ ಒಪ್ಪಿದ್ದಾರೆಯೇ?
(ಉ) ದರಪಟ್ಟಿಯಲ್ಲಿ ಆವೃತ್ತಿ ಮತ್ತು ಐಎಸ್‌ಬಿಎನ್ ನಮೂದಾಗಿವೆಯೇ?

ಈ ಐದು ಪ್ರಶ್ನೆಗಳ ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸಿದ ಬಳಿಕವೇ ಖರೀದಿಗೆ ಅನುಮೋದನೆ ನೀಡುವುದು ಉಚಿತ. ಕಡಿಮೆ ದರವನ್ನು ಒಪ್ಪುವುದು ಪಂಚಾಯಿತಿಯ ಹಣಕ್ಕೆ ತೋರುವ ಎಚ್ಚರ. ಸರಿಯಾದ ಪುಸ್ತಕವನ್ನು ಗುರುತಿಸಿದ ನಂತರವೇ ದರ ಕೇಳುವುದು ಆ ಹಣದ ಜೊತೆಗೆ ಓದುವವರ ಆರು ತಿಂಗಳ ಶ್ರಮಕ್ಕೂ ತೋರುವ ಎಚ್ಚರ.