ಕಾರ್ಬನ್ ಗಿಟಾರ್ ಹೆಗಲಿಗೇರುವ ಮುನ್ನ

ಉಡುಪಿಯ ಮಳೆಗಾಲದಲ್ಲಿ ಮರದ ಗಿಟಾರ್ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಅದನ್ನೇ ಮೇ ತಿಂಗಳಲ್ಲಿ ಕಲಬುರಗಿಗೆ ಒಯ್ದರೆ ಒಣಗಿ ಬಿರಿಯುತ್ತದೆ. ನನ್ನ ಮೊದಲ ಗಿಟಾರ್ ಒಂದೇ ವರ್ಷದಲ್ಲಿ ಈ ಎರಡನ್ನೂ ಕಂಡಿತು. ಜುಲೈಯಲ್ಲಿ ತಂತಿಗಳು ಮೇಲೆದ್ದು ಎಫ್ ಕಾರ್ಡ್ ಹಿಡಿಯುವುದೇ ಒಂದು ವ್ಯಾಯಾಮವಾಯಿತು. ಮುಂದಿನ ಬೇಸಿಗೆಯಲ್ಲಿ, ನೆಂಟರ ಮನೆಯ ಮೂಲೆಯಲ್ಲಿ ಸುಮ್ಮನೆ ಒರಗಿದ್ದಾಗಲೇ, ಬ್ರಿಡ್ಜ್ ಟಪ್ಪೆಂದು ಕಿತ್ತು ಬಂತು. ರಿಪೇರಿಗೆ ಕೇಳಿದ ದುಡ್ಡಿಗೆ ಅಂಥದ್ದೇ ಇನ್ನೊಂದು ಗಿಟಾರ್ ಬರುತ್ತಿತ್ತು.

ಕಾರ್ಬನ್ ಫೈಬರ್ ಗಿಟಾರಿನತ್ತ ನಾನು ಹೊರಳಿದ್ದು ಹೀಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದನ್ನು ಕೊಳ್ಳುವುದು ಮರಕ್ಕಿಂತ ಇಂಪು ಎಂದಲ್ಲ, ಅದರ ಚಿಂತೆ ಬಿಟ್ಟು ಊರು ಸುತ್ತಬಹುದು ಎಂದು. ಕೆಳಗಿನ ಸೂತ್ರಗಳನ್ನೆಲ್ಲ ಆ ಒಂದೇ ತಕ್ಕಡಿಯಲ್ಲಿ ತೂಗಿದ್ದೇನೆ.

1. ಮೊದಲು ನಿಮ್ಮ ದಾರಿ ಯಾವುದೆಂದು ನೋಡಿಕೊಳ್ಳಿ

ಮರದ ಗಿಟಾರಿಗೆ ಹಿತವಾದ ಗಾಳಿಯ ತೇವಾಂಶ ಶೇ 45ರಿಂದ 55. ಬೆಂಗಳೂರಿನ ಮನೆಯಿಂದ ಗೆಳೆಯನ ಮಹಡಿಗೆ, ಅಲ್ಲಿಂದ ಮನೆಗೆ, ಇಷ್ಟೇ ನಿಮ್ಮ ಸಂಚಾರವಾದರೆ ಕಾರ್ಬನ್ ಬೇಡ. ಪದರ ಅಂಟಿಸಿದ ಲ್ಯಾಮಿನೇಟ್ ಮರದ ಗಿಟಾರ್ ಸಾಕು. ಅದನ್ನು ಪ್ಲೈವುಡ್ ಎಂದು ಹೀಗಳೆಯುವವರಿದ್ದಾರೆ, ಆದರೆ ಹವೆಯ ಏರುಪೇರಿಗೆ ಅದು ಅಖಂಡ ಮರದ ಹಲಗೆಗಿಂತ ಎಷ್ಟೋ ಗಟ್ಟಿ. ಸಕಲೇಶಪುರದ ಘಾಟಿ ಇಳಿದು ಕರಾವಳಿಗೆ, ಅಲ್ಲಿಂದ ಉತ್ತರ ಕರ್ನಾಟಕದ ಬಿಸಿಲಿಗೆ, ಚಾರಣಕ್ಕೆ, ದೋಣಿಗೆ ಒಯ್ಯುವವರು ಮಾತ್ರ ಮುಂದೆ ಓದಿ.

2. ‘ಕಾರ್ಬನ್’ ಎಂಬ ಹೆಸರಿಗೆ ಮರುಳಾಗಬೇಡಿ

ಜನ ಹೆಚ್ಚಾಗಿ ಮೋಸ ಹೋಗುವುದು ಇಲ್ಲೇ. ಈ ಹೆಸರಿನಲ್ಲಿ ಅಂಗಡಿಗೆ ಬರುವ ಗಿಟಾರ್‌ಗಳಲ್ಲಿ ಮೂರು ಜಾತಿ.

ಮೊದಲನೆಯದು ನಿಜವಾದ ನೇಯ್ಗೆಯದು. ಕಾರ್ಬನ್ ನಾರಿನ ಬಟ್ಟೆಯನ್ನು ಎಪಾಕ್ಸಿ ರಾಳದಲ್ಲಿ ತೋಯಿಸಿ, ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ, ಒತ್ತಡ ಕೊಟ್ಟು ಗಟ್ಟಿ ಮಾಡುತ್ತಾರೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಒಡಲ ಚೌಕಟ್ಟಿನ ತೂಕದಲ್ಲಿ ಸುಮಾರು ಶೇ 45ರಷ್ಟು ಇದೇ ಬಗೆಯ ಕಾಂಪೋಸಿಟ್. ಅಮೆರಿಕದ ರೇನ್‌ಸಾಂಗ್ ಮತ್ತು ಮ್ಯಾಕ್‌ಫರ್ಸನ್, ಐರ್ಲೆಂಡಿನ ಎಮರಾಲ್ಡ್ ಕಂಪನಿಗಳ ಗಿಟಾರ್‌ಗಳು ಈ ಮೊದಲ ಜಾತಿಗೆ ಸೇರುತ್ತವೆ. ಎರಡನೆಯದು ಬೆರಕೆ: ಪ್ಲಾಸ್ಟಿಕ್ಕಿಗೆ ಕಾರ್ಬನ್ ನಾರಿನ ತುಣುಕು ಬೆರೆಸಿ ಅಚ್ಚು ಹೊಯ್ದದ್ದು. ಚೀನಾದ ಎನ್ಯಾ ಕಂಪನಿಯ ನೋವಾ ಗೋ ಪಾಲಿಕಾರ್ಬೊನೇಟ್ ಬೆರೆತ ಇಂಥ ಗಿಟಾರ್. ಬೆರಕೆ ಎಂದರೆ ಕೆಟ್ಟದ್ದು ಎಂದಲ್ಲ. ಬೆಲೆ ಕಡಿಮೆ, ನೀರಿಗೆ ಹೆದರದು, ಮಕ್ಕಳ ಕೈಗೂ ಕೊಡಬಹುದು. ಆದರೆ ಅದಕ್ಕೆ ಬೆರಕೆಯ ಬೆಲೆಯನ್ನೇ ಕೊಡಿ. ಮೂರನೆಯದು ಒಡಲು ಕಾರ್ಬನ್ ಆಗಿದ್ದು ನೆಕ್ ಮಾತ್ರ ಮರದ್ದು. ಹವೆ ಬದಲಾದಾಗ ಮೊದಲು ಬಾಗುವುದೇ ನೆಕ್. ಅದನ್ನೇ ಮರದಲ್ಲಿ ಬಿಟ್ಟರೆ ಕೊಡೆಯಿದ್ದೂ ತಲೆ ತೋಯಿಸಿಕೊಂಡ ಹಾಗೆ.

ಇವಲ್ಲದೆ ಮರದ ಮೇಲೆ ಕಾರ್ಬನ್ ನೇಯ್ಗೆಯ ಚಿತ್ರ ಅಂಟಿಸಿದ ಸರಕೂ ಇದೆ. ಹಾಗಾಗಿ ಅಂಗಡಿಯವರನ್ನು ‘ಕಾರ್ಬನ್ನಾ?’ ಎಂದು ಕೇಳಬೇಡಿ, ಹೌದು ಅನ್ನುತ್ತಾರೆ. ಮೇಲ್ಹಲಗೆ ಯಾವುದರದು, ಹಿಂಬದಿ ಯಾವುದರದು, ನೆಕ್ ಯಾವುದರದು, ಫ್ರೆಟ್‌ಬೋರ್ಡ್ ಯಾವುದರದು ಎಂದು ಒಂದೊಂದಾಗಿ ಕೇಳಿ.

ಕಾರ್ಬನ್ ಗಿಟಾರನ್ನು ರೂಪಿಸಿದವರಲ್ಲಿ ವಿಜ್ಞಾನಿಗಳೂ ಎಂಜಿನಿಯರುಗಳೂ ಮುಂದೆ ಇದ್ದದ್ದು ಸೋಜಿಗವಲ್ಲ. ಹೆಲಿಕಾಪ್ಟರ್ ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್ 1966ರಲ್ಲಿ ಓವೇಶನ್ ಗಿಟಾರ್ ಕಂಪನಿ ಕಟ್ಟಿದರು, ಹತ್ತು ವರ್ಷದ ನಂತರ ಅವರ ಆಡಮಸ್ ಮಾದರಿಗೆ ಕಾರ್ಬನ್ನಿನ ಮೇಲ್ಹಲಗೆ ಬಂತು. ರೇನ್‌ಸಾಂಗ್ ಹುಟ್ಟುಹಾಕಿದ ಜಾನ್ ಡೆಕರ್ ಭೌತವಿಜ್ಞಾನಿ, ನೆಲೆಸಿದ್ದು ಹವಾಯಿ ದ್ವೀಪಗಳಲ್ಲಿ. ಕಡಲ ಗಾಳಿಯಲ್ಲಿ ಮರದ ಗಿಟಾರ್ ಪಡುವ ಪಾಡನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮಲ್ಲೂ ಇಂಥದ್ದೊಂದು ಕತೆಯಿದೆ: ಎಚ್‌ಎಎಲ್‌ನಲ್ಲಿದ್ದ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಬೆಂಗಳೂರಿನ ರಾಡೆಲ್ ಕಂಪನಿಯಿಂದ ಎಲೆಕ್ಟ್ರಾನಿಕ್ ತಂಬೂರಿ ತಂದರು. ಅದನ್ನು ಚೀಲದಲ್ಲಿಟ್ಟುಕೊಂಡು ಕಛೇರಿಗೆ ಹೊರಡುವವರಿಗೆ ಕಾರ್ಬನ್ ಗಿಟಾರಿನ ಆಸೆ ಚೆನ್ನಾಗಿಯೇ ಅರ್ಥವಾಗುತ್ತದೆ.

3. ಟೇಪು ಹಿಡಿದು ಅಳೆಯಿರಿ

ನಟ್‌ನಿಂದ ಸ್ಯಾಡಲ್‌ವರೆಗೆ ತಂತಿ ಮಿಡಿಯುವ ಉದ್ದಕ್ಕೆ ಸ್ಕೇಲ್ ಎನ್ನುತ್ತಾರೆ. ದೊಡ್ಡ ಗಿಟಾರಿನಲ್ಲಿ ಅದು 25.5 ಇಂಚಿನ ಆಸುಪಾಸು, ಪ್ರಯಾಣದ ಗಿಟಾರಿನಲ್ಲಿ 24ಕ್ಕೂ ಕಡಿಮೆ ಇರಬಹುದು. ಸ್ಕೇಲ್ ಗಿಡ್ಡವಾದಷ್ಟೂ ಅದೇ ಶ್ರುತಿಗೆ ತಂತಿಯ ಬಿಗಿ ಕಡಿಮೆ. ಬೆರಳಿಗೆ ಸುಖ, ಆದರೆ ಜೋರಾಗಿ ಬಾರಿಸಿದರೆ ತಂತಿ ಗರಗರ ಎನ್ನುತ್ತದೆ. ಕೊಂಚ ದಪ್ಪ ತಂತಿ ಹಾಕಿದರೆ ಇದು ಹದಕ್ಕೆ ಬರುತ್ತದೆ. ಬೆರಳು ದಪ್ಪಗಿರುವವರು ನಟ್‌ನ ಅಗಲವನ್ನೂ ನೋಡಿಕೊಳ್ಳಲಿ.

4. ಕಳಚುವ ನೆಕ್ ಬೇಕೇ ಎಂದು ಎರಡು ಸಲ ಯೋಚಿಸಿ

ನಮ್ಮ ದೇಶೀಯ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಇರುವ ಮಿತಿ 55, 35, 25 ಸೆಂ.ಮೀ., ತೂಕ 7 ಕೆ.ಜಿ. ಪುಟ್ಟದೆನಿಸುವ ಗಿಟಾರ್ ಕೂಡ 90 ಸೆಂ.ಮೀ. ದಾಟುವುದುಂಟು. ಎಂದರೆ ನಿಯಮದ ಪ್ರಕಾರ ಅದಕ್ಕೆ ಒಳಗೆ ಜಾಗವಿಲ್ಲ. ಬಿಡುವುದೂ ಬಿಡದಿರುವುದೂ ಬಾಗಿಲಲ್ಲಿ ನಿಂತವರ ಮರ್ಜಿ. ಇದಕ್ಕೆಂದೇ ಜರ್ನಿ, ಕ್ಲೋಸ್ ಮುಂತಾದ ಕಂಪನಿಗಳು ನೆಕ್ ಬಿಚ್ಚಿ ಚೀಲಕ್ಕಿಳಿಸುವ ಕಾರ್ಬನ್ ಗಿಟಾರ್ ಮಾಡಿವೆ.

ವರ್ಷಕ್ಕೆ ನಾಲ್ಕಾರು ಬಾರಿ ವಿಮಾನ ಹತ್ತುವವರಾದರೆ ಇದು ಒಳ್ಳೆಯ ಆಯ್ಕೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಬಿಚ್ಚಿಸಿ, ಜೋಡಿಸಿ, ಶ್ರುತಿ ಎಷ್ಟು ಇಳಿಯಿತು ನೋಡಿ. ಬಿಚ್ಚಲು ಪಾನಾ ಬೇಕೋ ಬರಿಗೈ ಸಾಕೋ ಎಂದೂ ಕೇಳಿ, ಸೆಕ್ಯುರಿಟಿಯಲ್ಲಿ ಪಾನಾ ಕಿತ್ತುಕೊಂಡರೆ ಇಳಿದ ಊರಲ್ಲಿ ಗಿಟಾರ್ ಎರಡು ತುಂಡಾಗಿಯೇ ಇರುತ್ತದೆ. ಬಸ್ಸು, ರೈಲಿನಲ್ಲೇ ತಿರುಗುವವರಿಗೆ ಈ ಕೀಲಿನ ಉಸಾಬರಿ ಬೇಡ. ಬಿಚ್ಚುವ ಜಾಗ ಎಂದರೆ ಸಡಿಲವಾಗಬಹುದಾದ ಜಾಗ.

5. ಟ್ರಸ್ ರಾಡ್ ಇದೆಯೇ ಕೇಳಿ, ಇಲ್ಲವಾದರೆ ಸ್ಕೇಲು ಹಿಡಿಯಿರಿ

ಆರು ತಂತಿಗಳು ಸೇರಿ ನೆಕ್ಕನ್ನು ಸುಮಾರು 70 ಕೆ.ಜಿ. ಬಲದಿಂದ ಎಳೆಯುತ್ತಿರುತ್ತವೆ. ಅದನ್ನು ತಡೆಯಲು, ಬಾಗಿದಾಗ ತಿದ್ದಲು ಮರದ ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಹಲವು ಕಾರ್ಬನ್ ಗಿಟಾರ್‌ಗಳಲ್ಲಿ ಅದೇ ಇಲ್ಲ. ಬಾಗುವುದೇ ಇಲ್ಲವಲ್ಲ, ತಿದ್ದುವುದೇನು ಎಂಬ ಧೈರ್ಯ. ಧೈರ್ಯವೇನೋ ಸರಿಯೇ, ಆದರೆ ಕಾರ್ಖಾನೆಯಲ್ಲಿ ಸೊಟ್ಟಗೆ ಹುಟ್ಟಿದ್ದರೆ ಅದು ಕಡೆತನಕ ಸೊಟ್ಟಗೇ ಇರುತ್ತದೆ.

ಹಾಗಾಗಿ ಶಾಲಾ ಮಕ್ಕಳ ಉಕ್ಕಿನ ಸ್ಕೇಲೊಂದನ್ನು ಜೇಬಿಗೆ ಹಾಕಿಕೊಂಡು ಹೋಗಿ. 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಎತ್ತರ 2.5 ಮಿ.ಮೀ. ಆಸುಪಾಸಿರಲಿ, ತೆಳು ತಂತಿಯದು 2 ದಾಟದಿರಲಿ. ಆಮೇಲೆ ಅದೇ ಜಾಗದಲ್ಲಿ ತಂತಿಗೆ ಬೆರಳು ಸೋಕಿಸಿ ಹಾರ್ಮೋನಿಕ್ ಹೊರಡಿಸಿ, ಒತ್ತಿಯೂ ನುಡಿಸಿ. ಎರಡೂ ಒಂದೇ ಸ್ವರವಾಗಬೇಕು. ಮೊಬೈಲಿನ ಟ್ಯೂನರ್ ಆ್ಯಪ್ ಇದ್ದರೆ ಕಿವಿಯನ್ನೇ ನಂಬಬೇಕೆಂದಿಲ್ಲ. ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಮ್ಮೆ ಮಿಡಿಯಿರಿ. ಅಂಗಡಿಯವರು ಗಡಿಯಾರ ನೋಡುತ್ತಾರೆ, ನೋಡಲಿ.

6. ನಾದವನ್ನು ಕಿವಿಯಿಂದ ಆರಿಸಿ, ಕ್ಯಾಟಲಾಗಿನಿಂದ ಅಲ್ಲ

ಕಾರ್ಬನ್ನಿನ ದನಿ ಸ್ಪಷ್ಟ, ಹೊಳಪಿನದು. ಮಿಡಿದ ಸ್ವರ ಬೇಗ ಆರುವುದಿಲ್ಲ. ಕೆಲವರಿಗೆ ಅದು ಗಾಜಿನ ಲೋಟಕ್ಕೆ ಚಮಚ ತಾಗಿದಂತೆ ಕೇಳುತ್ತದೆ. ಅವರದ್ದೂ ತಪ್ಪಲ್ಲ. ಮರದ ಗಿಟಾರ್ ವರ್ಷ ಕಳೆದಂತೆ ಮಾಗುತ್ತದೆ ಎಂಬ ನಂಬಿಕೆಯಿದೆಯಲ್ಲ, ಇಲ್ಲಿ ಅದಕ್ಕೆ ಆಸ್ಪದವಿಲ್ಲ. ಇವತ್ತು ಹಿಡಿಸದ ದನಿ ಹತ್ತು ವರ್ಷದ ನಂತರ ಹಿಡಿಸೀತು ಎಂದು ಕೊಳ್ಳಬೇಡಿ. ಯಾರಿಂದಲಾದರೂ ನುಡಿಸಿ, ನೀವು ಎದುರು ಗೋಡೆಯ ಬಳಿ ನಿಂತು ಕೇಳಿ.

7. ಹಲಸಿನಹಣ್ಣು ತಟ್ಟಿದಂತೆ ತಟ್ಟಿ ನೋಡಿ

ಹವೆಗೆ ಜಗ್ಗದ್ದು ಪೆಟ್ಟಿಗೂ ಜಗ್ಗದು ಎಂದುಕೊಳ್ಳಬೇಡಿ. ಚೂಪು ಮೂಲೆಗೆ ಬಡಿದರೆ ಕಾರ್ಬನ್ನೂ ಬಿರಿಯುತ್ತದೆ, ಒಳಗಿನ ಪದರ ಬಿಟ್ಟುಕೊಳ್ಳುತ್ತದೆ. ಮೇಲೆ ಒಂದು ಗೀರೂ ಕಾಣದಿರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆರಳ ಗೆಣ್ಣಿನಿಂದ ಒಡಲಿನುದ್ದಕ್ಕೂ ಮೆಲ್ಲಗೆ ಕುಟ್ಟುತ್ತ ಹೋಗಿ. ಠಣ್ ಎನ್ನುತ್ತಿದ್ದದ್ದು ಒಂದು ಕಡೆ ಇದ್ದಕ್ಕಿದ್ದಂತೆ ಬೊದ್ದು ಎಂದರೆ ಅಲ್ಲಿ ಪದರ ಬಿಟ್ಟಿರುವ ಅನುಮಾನ. ವಿಮಾನದ ರೆಕ್ಕೆಯನ್ನೂ ಹೀಗೇ ನಾಣ್ಯದಿಂದಲೋ ಸುತ್ತಿಗೆಯಿಂದಲೋ ತಟ್ಟಿ ಪರೀಕ್ಷಿಸುವ ಕ್ರಮವಿದೆ.

ಒಡೆದರೆ ಊರಿನ ಗಿಟಾರ್ ರಿಪೇರಿಯವರ ಅಂಟು, ಕ್ಲಾಂಪು ಸಾಲವು. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ, ವಾದ್ಯವನ್ನು ತವರಿಗೆ ಕಳಿಸಬೇಕೇ, ಕಳಿಸುವ ಖರ್ಚು ಯಾರದ್ದು, ಇದನ್ನೆಲ್ಲ ಬರಹದಲ್ಲಿ ಪಡೆಯಿರಿ.

8. ತಂತಿ ಕಾರ್ಬನ್ನಿನದಲ್ಲ

ಒಡಲು ತುಕ್ಕು ಹಿಡಿಯದು, ತಂತಿ ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿಗೆ ಲೇಪನವಿರುವ ತಂತಿಯೇ ಸೈ. ಮಳೆ ಅಂಗಿಯ ಗೋರ್‌ಟೆಕ್ಸ್ ಬಟ್ಟೆ ಮಾಡುವ ಗೋರ್ ಕಂಪನಿಯದ್ದೇ ಎಲಿಕ್ಸಿರ್ ತಂತಿ ಕೂಡ. ಫ್ರೆಟ್ ಸ್ಟೇನ್‌ಲೆಸ್ ಸ್ಟೀಲಿನದಾದರೆ ಇನ್ನೂ ನೆಮ್ಮದಿ. ಇನ್ನೊಂದು: ಬಿಸಿಲಿಗೆ ಬಂದೊಡನೆ ಶ್ರುತಿ ಇಳಿದರೆ ಗಿಟಾರನ್ನು ಬೈಯಬೇಡಿ. ಬಿಸಿಗೆ ಉಕ್ಕು ಹಿಗ್ಗುತ್ತದೆ, ಕಾರ್ಬನ್ ಹೆಚ್ಚುಕಡಿಮೆ ಅಲುಗುವುದಿಲ್ಲ. ಬಿರಡೆ ಒಂದಿಷ್ಟು ತಿರುವಿದರಾಯಿತು.

9. ಮುಚ್ಚಿದ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ

ಕಾರ್ಬನ್ ನಾರು ಎಂಥ ಬಿಸಿಲಿಗೂ ಕರಗದು. ಅದನ್ನು ಹಿಡಿದಿಟ್ಟ ರಾಳ, ಬ್ರಿಡ್ಜ್ ಕೂರಿಸಿದ ಅಂಟು ಮೆತ್ತಗಾಗಬಹುದು. ಕಪ್ಪು ಬಣ್ಣ ಬೇರೆ, ಬಿಸಿಲು ಕುಡಿಯುತ್ತದೆ.

10. ಲಗೇಜಿಗೆ ಹಾಕುವುದಾದರೆ ತಲೆ ಕಾಯಿರಿ

2008ರಲ್ಲಿ ಕೆನಡಾದ ಗಾಯಕ ಡೇವ್ ಕ್ಯಾರಲ್ ಅವರ ಟೇಲರ್ ಗಿಟಾರ್ ವಿಮಾನ ಪ್ರಯಾಣದಲ್ಲಿ ಮುರಿಯಿತು. ಪರಿಹಾರ ಸಿಗದೆ ಬೇಸತ್ತು ಮರುವರ್ಷ ಅದರ ಮೇಲೆ ಹಾಡು ಕಟ್ಟಿ ಯೂಟ್ಯೂಬಿಗೆ ಏರಿಸಿದರು, ಲೋಕವೆಲ್ಲ ನೋಡಿತು. ನಮಗೆ ಹಾಡು ಕಟ್ಟುವ ಪ್ರಸಂಗ ಬಾರದಿರಲಿ. ಗಿಟಾರ್ ಎತ್ತರದಿಂದ ಬಿದ್ದಾಗ ಮುರಿಯುವುದು ಸಾಮಾನ್ಯವಾಗಿ ಬಿರಡೆಗಳಿರುವ ತಲೆಯ ಬುಡದಲ್ಲಿ. ಕೇಸಿನೊಳಗೆ ತಲೆಯ ಕೆಳಗೂ ಪಕ್ಕಕ್ಕೂ ಅಂಗಿ, ಟವೆಲು, ಲುಂಗಿ ಏನಿದೆಯೋ ಅದನ್ನು ಅಲುಗದಂತೆ ತುರುಕಿ. ಇಷ್ಟಕ್ಕೆ ಹಾರ್ಡ್ ಕೇಸೇ ಬೇಕು, ಬಟ್ಟೆಯ ಗಿಗ್ ಬ್ಯಾಗ್ ಹೆಗಲಿಗೆ ಮಾತ್ರ. ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಅನುಕೂಲವಿದೆ: ಹತ್ತುವ ಹೊತ್ತಿಗೆ ಮೇಲಿನ ಖಾನೆಯಲ್ಲಿ ಜಾಗವಿದ್ದರೆ ಗಿಟಾರಿನಂಥ ಸಣ್ಣ ವಾದ್ಯವನ್ನು ಒಳಗೆ ಬಿಡಬೇಕೆಂಬ ನಿಯಮ ಅಲ್ಲಿ 2015ರಿಂದ ಜಾರಿಯಲ್ಲಿದೆ. ಅಲ್ಲಿ ಮೊದಲು ಹತ್ತಿದವರೇ ಜಾಣರು.

11. ಗಡಿ ದಾಟುವಾಗ ಕಾಗದಪತ್ರ ಇಟ್ಟುಕೊಳ್ಳಿ

ಕೊಡಗು, ಮಲೆನಾಡಿನ ಕಾಡುಗಳ ಬೀಟೆ, ಅಂದರೆ ನಮ್ಮ ರೋಸ್‌ವುಡ್ ಮರಕ್ಕೂ ಲೋಕದ ಗಿಟಾರಿಗೂ ಹಳೆಯ ನಂಟು. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತು ನಿಲ್ಲಿಸಿದಾಗ ಮಾರ್ಟಿನ್‌ನಂಥ ದೊಡ್ಡ ಹೆಸರುಗಳು ಹೊರಳಿದ್ದು ನಮ್ಮ ದಕ್ಷಿಣದ ಬೀಟೆಯ ಕಡೆಗೆ. 2017ರ ಜನವರಿಯಲ್ಲಿ ರೋಸ್‌ವುಡ್ ಕುಲದ ಮರಗಳೆಲ್ಲ ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಹತೋಟಿಗೆ ಬಂದಾಗ ಗಿಟಾರ್ ಮಾರುವವರು, ಗಡಿ ದಾಟಿಸುವವರು ಕಾಗದಪತ್ರಕ್ಕೆ ಪರದಾಡಿದರು. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬ್ರೆಜಿಲ್ ರೋಸ್‌ವುಡ್ಡಿಗೆ ಇಂದಿಗೂ ಇಲ್ಲ. ಕಾರ್ಬನ್ ಗಿಟಾರಿಗೆ ಮರದ ಈ ರಗಳೆಯಿಲ್ಲ. ಆದರೂ ವಿದೇಶಕ್ಕೆ ಒಯ್ಯುವಾಗ ಬಿಲ್ಲು, ಸೀರಿಯಲ್ ನಂಬರಿನ ಫೋಟೊ ಇಟ್ಟುಕೊಳ್ಳಿ. ವಾಪಸು ಬರುವಾಗ ಕಸ್ಟಮ್ಸ್‌ನಲ್ಲಿ ‘ಇದು ನಮ್ಮದೇ’ ಎನ್ನಲು ಬಾಯಿಮಾತು ಸಾಲದು.

12. ದುಡ್ಡಿನ ಲೆಕ್ಕ ಗಿಟಾರಿಗೆ ನಿಲ್ಲುವುದಿಲ್ಲ

ಆಮದು ಸುಂಕ, ಸಾಗಣೆ, ಗಟ್ಟಿ ಕೇಸು, ಎರಡು ಸೆಟ್ ತಂತಿ, ಇಷ್ಟನ್ನೂ ಕೂಡಿ ಆಮೇಲೆ ಬೆಲೆ ಹೋಲಿಸಿ. ಪಿಕಪ್ ಬೇಡವಾದರೆ ಅದಿಲ್ಲದ್ದನ್ನೇ ಕೊಳ್ಳಿ. ಇಂಥ ಗಿಟಾರಿನಲ್ಲಿ ಮೊದಲು ಕೆಡುವುದು ಪಿಕಪ್ಪಿನ ವೈರು, ಬ್ಯಾಟರಿ ಪೆಟ್ಟಿಗೆಗಳೇ.

13. ಮೊದಲ ವಾರದಲ್ಲೇ ಹೊರಗೆ ಒಯ್ಯಿರಿ

ಇದು ಸಣ್ಣ ಸೂತ್ರವಲ್ಲ. ಮಂಗಳೂರಿನ ನನ್ನ ಗೆಳೆಯನೊಬ್ಬ ನನ್ನ ಮಾತು ಕೇಳಿಯೇ ಪೂರ್ತಿ ಕಾರ್ಬನ್ನಿನ ಗಿಟಾರ್ ತರಿಸಿದ. ಆರು ತಿಂಗಳ ನಂತರ ಆಗುಂಬೆಗೆ ಹೊರಟಾಗ ಅವನ ಹೆಗಲಲ್ಲಿ ನೋಡಿದರೆ ಅದೇ ಹಳೆಯ ಮರದ ಗಿಟಾರ್, ಮೇಲೊಂದು ಕಸದ ಬುಟ್ಟಿಯ ಪ್ಲಾಸ್ಟಿಕ್ ಹೊದಿಕೆ. ಹೊಸದು ಎಲ್ಲಿ ಎಂದೆ. ಗಾಡ್ರೆಜ್ ಬೀರುವಿನಲ್ಲಿ, ಕೇಸಿನೊಳಗೆ, ತೇವ ಹೀರುವ ಸಿಲಿಕಾ ಪುಡಿಕೆಗಳ ನಡುವೆ ಇದೆಯಂತೆ.

‘ಮಳೆ ಅಲ್ವಾ ಮಾರಾಯ,’ ಎಂದ, ‘ಅಷ್ಟು ದುಡ್ಡು ಕೊಟ್ಟದ್ದು ಒದ್ದೆ ಮಾಡ್ಲಿಕ್ಕಾ?’