ಮುಟ್ಟು ಬರಲಿ ಎಂದು ಕಾಯಬೇಡಿ

ಪ್ರಶ್ನೆ: ನನಗೆ 26 ವರ್ಷ. ಸಿಸೇರಿಯನ್ ಆಗಿ ಎರಡು ತಿಂಗಳು ದಾಟಿತು, ಹೆಣ್ಣು ಮಗು. ಬಾಣಂತನಕ್ಕೆ ತವರಿನಲ್ಲಿದ್ದೇನೆ. ಒಂಬತ್ತನೇ ತಿಂಗಳಲ್ಲಿ ಬಿ.ಪಿ. ಸ್ವಲ್ಪ ಏರಿತ್ತು, ಮಾತ್ರೆ ಕೊಟ್ಟಿದ್ದರು. ಎದೆಹಾಲು ಕೊಡುತ್ತಿದ್ದೇನೆ. ಸಾಲುವುದಿಲ್ಲ ಅಂತ ಅಮ್ಮ ರಾತ್ರಿ ಒಂದು ಬಾಟಲಿ ಡಬ್ಬಿ ಹಾಲು ಕುಡಿಸುತ್ತಾರೆ. ಮುಟ್ಟು ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಗಂಡನ ಮನೆಗೆ ಹೋಗಬೇಕು. ನನ್ನ ಓರಗಿತ್ತಿ ತಾನು ನುಂಗುವ ಮಾಲಾ-ಡಿ ಮಾತ್ರೆಯ ಒಂದು ಪಟ್ಟಿ ಕೊಟ್ಟು, ಬಂದ ದಿನದಿಂದಲೇ ಶುರು ಮಾಡು ಅಂದಿದ್ದಾರೆ. ಮಾತ್ರೆ ನುಂಗಿದರೆ ಹಾಲು ಬತ್ತುತ್ತೆ ಅಂತ ಅತ್ತೆ ಹೇಳುತ್ತಾರೆ. ಮುಟ್ಟೇ ಬಂದಿಲ್ಲ, ಈಗ ಮಾತ್ರೆ ಯಾಕೆ, ಏನಾದರೂ ಆದರೆ 72 ಗಂಟೆಯ ಮಾತ್ರೆ ಇದೆಯಲ್ಲ ಅನ್ನುತ್ತಾರೆ ನಮ್ಮ ಯಜಮಾನರು. ಆಸ್ಪತ್ರೆಯಲ್ಲಿ ಕೇಳಲು ಸಂಕೋಚ. ನಾನು ಯಾವ ಮಾತ್ರೆ ತೆಗೆದುಕೊಳ್ಳಲಿ?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ತಂಗೀ, ಮೊದಲು ಒಂದು ಮಾತು. ಓರಗಿತ್ತಿ ಕೊಟ್ಟ ಆ ಪಟ್ಟಿಯನ್ನು ಈಗ ಮುಟ್ಟಬೇಡಿ. ಅದು ಕೆಟ್ಟ ಮಾತ್ರೆಯಲ್ಲ, ಅವರಿಗೆ ಒಗ್ಗಿರಲೂಬಹುದು. ಆದರೆ ನಿಮ್ಮ ಮಗುವಿಗೆ ಈಗ ಎರಡು ತಿಂಗಳು, ನಿಮ್ಮದು ಹಾಲೂಡಿಸುವ ಮೈ, ಮೇಲಾಗಿ ಬಿ.ಪಿ. ಏರಿದ್ದ ಬಸಿರು. ಈ ಮೂರನ್ನೂ ನೋಡಿಯೇ ನಿಮ್ಮ ಮಾತ್ರೆ ಯಾವುದೆಂದು ತೀರ್ಮಾನಿಸಬೇಕು.

ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮ ಯಜಮಾನರ ಮಾತು. ಮುಟ್ಟು ಬಂದಿಲ್ಲದಿದ್ದರೆ ಬಸಿರು ನಿಲ್ಲುವುದಿಲ್ಲ ಎಂಬ ನಂಬಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ತೊಟ್ಟಿಲ ಕೂಸಿಗೆ ವರ್ಷ ತುಂಬುವ ಮೊದಲೇ ತಾಯಿ ಮತ್ತೆ ಬಸುರಿಯಾಗಿರುತ್ತಾಳೆ. ಹೆರಿಗೆಯ ನಂತರ ಮೊದಲು ಬಿಡುಗಡೆಯಾಗುವುದು ಅಂಡಾಣು. ಮುಟ್ಟು ಕಾಣಿಸಿಕೊಳ್ಳುವುದು ಅದಾಗಿ ಸುಮಾರು ಎರಡು ವಾರಕ್ಕೆ. ಆ ನಡುವೆ ಗಂಡ ಹೆಂಡತಿ ಸೇರಿದರೆ ಮುಟ್ಟು ಬಾರದೆಯೇ ಬಸಿರು ನಿಲ್ಲಬಹುದು. ಎದೆಹಾಲು ಕೊಡದ ತಾಯಂದಿರಲ್ಲಿ ಹೆರಿಗೆಯಾದ ನಾಲ್ಕೇ ವಾರಕ್ಕೆ ಅಂಡಾಣು ಬಿಡುಗಡೆಯಾಗುವುದುಂಟು.

ಹಾಲೂಡಿಸುವ ತಾಯಿಗೆ ಒಂದು ರಕ್ಷಣೆ ಇರುವುದು ನಿಜ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಬಂದಿರಬಾರದು, ಹಗಲೂ ರಾತ್ರಿಯೂ ಎದೆಹಾಲೊಂದನ್ನೇ ಕೊಡುತ್ತಿರಬೇಕು. ಮೂರೂ ಕೂಡಿದರೆ ನೂರರಲ್ಲಿ 98 ಮಂದಿಗೆ ಬಸಿರು ನಿಲ್ಲುವುದಿಲ್ಲ. ಒಂದು ತಪ್ಪಿದರೂ ಆ ಭರವಸೆ ಇಲ್ಲ. ರಾತ್ರಿಯ ಆ ಒಂದು ಬಾಟಲಿ ಡಬ್ಬಿ ಹಾಲಿನಿಂದ ನಿಮಗಿದ್ದ ರಕ್ಷಣೆ ಸಡಿಲವಾಗಿದೆ. ಹಾಲು ಸಾಲುತ್ತಿದೆಯೋ ಇಲ್ಲವೋ ಎಂಬುದನ್ನು ಮಗುವಿನ ಅಳುವಿನಿಂದ ಅಳೆಯಬೇಡಿ. ತೂಕ ಏರುತ್ತಿದ್ದು, ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಿದ್ದರೆ ಸಾಲುತ್ತಿದೆ ಎಂದೇ ಅರ್ಥ. ಹಾಗಿದ್ದರೆ ಬಾಟಲಿ ಬಿಡಿ ಎಂದು ಅಮ್ಮನಿಗೆ ಹೇಳಿ. ರಾತ್ರಿ ಎದೆ ಚೀಪಿದಷ್ಟೂ ಹಾಲು ಹೆಚ್ಚುತ್ತದೆ.

ಇನ್ನು ಅತ್ತೆಯವರ ಮಾತು. ಅದು ಬರೀ ಅಂಜಿಕೆಯ ಮಾತಲ್ಲ, ಅದರಲ್ಲಿ ಸತ್ಯವಿದೆ. ಮಾಲಾ-ಡಿ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ಒಟ್ಟು 28 ಮಾತ್ರೆ. 21 ಬಿಳಿ, ಕೊನೆಯ ಏಳು ಕಂದು ಬಣ್ಣದವು. ಕಂದು ಮಾತ್ರೆಗಳಲ್ಲಿರುವುದು ಕಬ್ಬಿಣದ ಅಂಶ ಮಾತ್ರ. ಕೆಲಸ ಮಾಡುವುದು ಬಿಳಿ ಮಾತ್ರೆ. ಅದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್‌ನಲ್ಲಿ ಇರುವುದೂ ಇದೇ ಔಷಧ. ಹಾಲಿಗೆ ಅಡ್ಡ ಬರುವುದು ಈ ಈಸ್ಟ್ರೋಜನ್. ಹೆರಿಗೆಯ ನಂತರದ ಮೊದಲ ಆರು ವಾರ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು, ಈಸ್ಟ್ರೋಜನ್ ಅದನ್ನು ಇನ್ನಷ್ಟು ಏರಿಸುತ್ತದೆ. ಆದ್ದರಿಂದ ಹಾಲೂಡಿಸುವ ತಾಯಿಗೆ ಆರು ವಾರದೊಳಗೆ ಈ ಮಾತ್ರೆ ಕೊಡಲೇಬಾರದು, ಆರು ತಿಂಗಳವರೆಗೂ ಸಾಮಾನ್ಯವಾಗಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈಸ್ಟ್ರೋಜನ್ ಇರುವ ಮಾತ್ರೆಗೆ ಅತ್ತೆಯವರ ಮಾತು ಸರಿ, ಉಳಿದ ಮಾತ್ರೆಗಳಿಗೆ ಅನ್ವಯಿಸುವುದಿಲ್ಲ.

ಹಾಗಾದರೆ ನಿಮಗೆ ಯಾವುದು? ಎರಡು ಮಾತ್ರೆಗಳಿವೆ.

ಒಂದು ಛಾಯಾ. ಇದು ನಮ್ಮ ದೇಶದ್ದೇ ಮಾತ್ರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದದ್ದು, ಸಹೇಲಿ ಎಂಬ ಹೆಸರಿನಲ್ಲಿ ಹಲವು ವರ್ಷಗಳಿಂದ ಅಂಗಡಿಯಲ್ಲಿದೆ. ಅದರಲ್ಲಿ ಹಾರ್ಮೋನು ಇಲ್ಲ. ಹಾಲು ಕೊಡುವ ತಾಯಿಗೂ ಆಗುತ್ತದೆ ಎಂದೇ ಸರ್ಕಾರದ ಕುಟುಂಬ ಯೋಜನೆ ಕಾರ್ಯಕ್ರಮದಲ್ಲಿ ಉಚಿತವಾಗಿ ಕೊಡುತ್ತಾರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೆ ಒಂದೇ ಸಲ. ಭಾನುವಾರ ಶುರು ಮಾಡಿದರೆ ಭಾನುವಾರ ಮತ್ತು ಬುಧವಾರ, ಮೂರು ತಿಂಗಳ ನಂತರ ಭಾನುವಾರ ಮಾತ್ರ. ಕೂಸಿನ ನಿದ್ದೆಗೆಟ್ಟ ಮನೆಯಲ್ಲಿ ದಿನವೂ ನೆನಪಿಟ್ಟು ನುಂಗುವುದಕ್ಕಿಂತ ಇದು ಸುಲಭ ಎಂಬುದು ನನ್ನ ಅಭಿಪ್ರಾಯ. ಕ್ಯಾಲೆಂಡರಿನಲ್ಲಿ ವಾರಕ್ಕೆ ಸುತ್ತು ಹಾಕಿಡಿ. ಮರೆತರೆ ನೆನಪಾದ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಿ. ಏಳು ದಿನ ಮೀರಿದರೆ ಮತ್ತೆ ಮೊದಲಿನಿಂದ, ವಾರಕ್ಕೆ ಎರಡರಂತೆ ಶುರು ಮಾಡಬೇಕು. ಇದನ್ನು ನುಂಗುವಾಗ ಕೆಲವರಿಗೆ ಮುಟ್ಟು ತಡವಾಗುತ್ತದೆ, ಗಾಬರಿ ಬೇಡ. ಪಿ.ಸಿ.ಒ.ಡಿ., ಇತ್ತೀಚೆಗೆ ಬಂದ ಕಾಮಾಲೆ, ಯಕೃತ್ತಿನ ಅಥವಾ ಮೂತ್ರಪಿಂಡದ ಕಾಯಿಲೆ, ಟಿ.ಬಿ. ಇದ್ದವರಿಗೆ ಛಾಯಾ ಆಗದು.

ಇನ್ನೊಂದು ಪ್ರೊಜೆಸ್ಟಿನ್ ಮಾತ್ರ ಇರುವ ಮಾತ್ರೆ, ಮಿನಿ ಪಿಲ್ ಅನ್ನುತ್ತಾರೆ. ಈಸ್ಟ್ರೋಜನ್ ಇಲ್ಲದ್ದರಿಂದ ಹಾಲಿಗೂ ಮಗುವಿಗೂ ತೊಂದರೆಯಿಲ್ಲ. ವೈದ್ಯರ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಕೊಳ್ಳಬೇಕು. ಇದನ್ನು ದಿನವೂ ಅದೇ ಹೊತ್ತಿಗೆ, ನಡುವೆ ಬಿಡುವಿಲ್ಲದೆ ನುಂಗಬೇಕು. ಡೆಸೊಜೆಸ್ಟ್ರೆಲ್ ಎಂಬ ಬಗೆಯದಾದರೆ ಹನ್ನೆರಡು ಗಂಟೆಯವರೆಗೆ ತಡವಾದರೂ ನಡೆಯುತ್ತದೆ. ಹಳೆಯ ಬಗೆಯವಾದರೆ ಮೂರೇ ಗಂಟೆ. ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಳ್ಳುವುದೇ ಇದರ ಮುಖ್ಯ ಕಿರಿಕಿರಿ. ದಿನಚರಿ ಅಚ್ಚುಕಟ್ಟಾಗಿದ್ದವರಿಗೆ ಒಳ್ಳೆಯ ಮಾತ್ರೆ.

ಪಿ.ಸಿ.ಒ.ಡಿ.ಯಂಥ ತೊಂದರೆ ನಿಮಗಿಲ್ಲದಿದ್ದರೆ ಛಾಯಾವನ್ನೇ ಮೊದಲು ಕೇಳಿ. ಯಾವುದನ್ನೇ ಶುರು ಮಾಡುವ ಮೊದಲು, ಹೆರಿಗೆಯ ನಂತರ ಸೇರಿದ್ದೀರಾದರೆ, ಉಚ್ಚೆ ಪರೀಕ್ಷೆ ಮಾಡಿಕೊಳ್ಳಿ. ಆಶಾ ಕಾರ್ಯಕರ್ತೆಯ ಬಳಿ ನಿಶ್ಚಯ್ ಕಿಟ್ ಇರುತ್ತದೆ. ಮಾತ್ರೆ ಶುರುವಾದ ಮೊದಲ ವಾರವಾದರೂ ನಿರೋಧ್ ಜೊತೆಗಿರಲಿ. ಟಿ.ಬಿ. ಔಷಧ, ಮೂರ್ಛೆ ರೋಗದ ಕೆಲವು ಔಷಧಗಳು ಹಾರ್ಮೋನ್ ಮಾತ್ರೆಯ ಬಲ ಕುಂದಿಸುತ್ತವೆ. ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ.

ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಮಾಲಾ-ಡಿ ನುಂಗಬಹುದೇ ಎಂದು ಕೇಳಿದರೆ, ನುಂಗಬಹುದು, ಆದರೆ ಬಿ.ಪಿ. ನೋಡಿಸಿಕೊಂಡು. ಬಸಿರಿನಲ್ಲಿ ಏರಿದ ಬಿ.ಪಿ. ಬಹಳ ಮಂದಿಗೆ ಇಳಿಯುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. 140/90 ಮುಟ್ಟಿದ್ದರೆ ಈಸ್ಟ್ರೋಜನ್ ಇರುವ ಮಾತ್ರೆ ಬೇಡ. ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಅರೆತಲೆನೋವು ಇದ್ದವರಿಗೂ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೂ ಅದು ಸಲ್ಲದು. ಆ ಮಾತ್ರೆ ನುಂಗುವಾಗ ಒಂದೇ ಕಾಲು ಊದಿ ನೋಯುವುದು, ಎದೆನೋವು, ಉಸಿರುಕಟ್ಟುವಿಕೆ, ಹಿಂದೆಂದೂ ಕಾಣದ ತಲೆನೋವು, ಕಣ್ಣು ಮಂಜಾಗುವುದು ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.

72 ಗಂಟೆಯ ಮಾತ್ರೆ ಎಂದಾದರೊಮ್ಮೆ ನಿರೋಧ್ ಹರಿದಾಗ, ಮಾತ್ರೆ ಮರೆತಾಗ ಕೈಹಿಡಿಯುವಂಥದ್ದು. ಪ್ರತಿ ಸಲಕ್ಕೂ ಅದನ್ನೇ ನಂಬಿದರೆ ಮುಟ್ಟು ಏರುಪೇರಾಗುತ್ತದೆ, ಬಸಿರು ನಿಲ್ಲುವ ಸಂಭವವೂ ದಿನದ ಮಾತ್ರೆಗಿಂತ ಹೆಚ್ಚು. ಯಜಮಾನರಿಗೆ ಈ ಉತ್ತರವನ್ನು ಓದಲು ಕೊಡಿ. ಹೊಟ್ಟೆ ಕೊಯ್ದು ಮಗು ತೆಗೆದ ಗಾಯ ಒಳಗೆ ಗಟ್ಟಿಯಾಗಲು ಸಮಯ ಬೇಕು. ಬೇಗನೆ ಮತ್ತೊಂದು ಬಸಿರು ಬಂದರೆ ಹೆರಿಗೆಯಲ್ಲಿ ಆ ಹೊಲಿಗೆ ಬಿಡುವ ಅಪಾಯ ಹೆಚ್ಚು. ಒಂದು ಹೆರಿಗೆಯಿಂದ ಮುಂದಿನ ಬಸಿರಿಗೆ ಕಡೇ ಪಕ್ಷ ಎರಡು ವರ್ಷ ಬಿಡುವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ತಾಯಿ ಮಗು ಇಬ್ಬರ ಸಲುವಾಗಿ. ಆ ಎರಡು ವರ್ಷದ ಹೊಣೆ ಅವರದ್ದೂ ಹೌದು. ಮಾತ್ರೆ ಒಗ್ಗುವವರೆಗೆ ನಿರೋಧ್ ಬಳಸುವುದು ಅವರಿಂದ ಆಗದ ಕೆಲಸವೇನಲ್ಲ.

ಮಾತ್ರೆ ನುಂಗುವ ಗೋಜೇ ಬೇಡ ಅನ್ನಿಸಿದರೆ ಕಾಪರ್-ಟಿ, ಅಂದರೆ ವಂಕಿ, ಇದೆ. ಹಾಲಿಗೆ ಏನೂ ಆಗದು, ಬೇಕಾದಾಗ ತೆಗೆಸಬಹುದು, 380ಎ ಎಂಬ ಬಗೆಯದು ಹತ್ತು ವರ್ಷ ನಡೆಯುತ್ತದೆ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದೂ ಆರು ವಾರ ಕಳೆದ ನಿಮಗೆ ಆಗುತ್ತದೆ, ಆದರೆ ನಿಲ್ಲಿಸಿದ ಮೇಲೆ ಬಸಿರು ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆ. ಮಾತ್ರೆಗಳಲ್ಲಿ ಆ ತಡ ಇಲ್ಲ. ಮಾತ್ರೆಯಿಂದ ಬಂಜೆತನ ಬರುತ್ತದೆ ಎಂಬುದು ಸುಳ್ಳು.

ಬಾಣಂತಿ ಏನು ತಿನ್ನಬೇಕು, ತಲೆಗೆ ಎಷ್ಟು ಬಿಗಿಯಾಗಿ ಬಟ್ಟೆ ಕಟ್ಟಬೇಕು ಎಂದು ಹೇಳುವವರು ಮನೆ ತುಂಬ ಇರುತ್ತಾರೆ. ಈ ವಿಷಯ ಮಾತ್ರ ಪಿಸುಮಾತಿನಲ್ಲೇ ಉಳಿಯುತ್ತದೆ. ನಿಮ್ಮ ಸಂಕೋಚ ನಿಮ್ಮ ತಪ್ಪಲ್ಲ. ಮಗುವಿನ ಹತ್ತನೇ ವಾರದ ಲಸಿಕೆಯ ದಿನ ತಾಯಿ ಕಾರ್ಡ್ ಹಿಡಿದು ಹೋಗಿ, ಚುಚ್ಚುಮದ್ದು ಆದ ಮೇಲೆ ಸಿಸ್ಟರ್ ಬಳಿ ‘ನನಗೆ ಒಂದು ಮಾತ್ರೆ ಕೇಳುವುದಿತ್ತು’ ಎನ್ನಿ, ಅಷ್ಟು ಸಾಕು. ಲಸಿಕೆ ಆಗಿಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಮನೆಗೇ ಕರೆಯಿರಿ. ಗಂಡನ ಮನೆಗೆ ಹೊರಡುವ ಮೊದಲೇ ಇದು ಮುಗಿಯಲಿ. ಯಾರೇ ಮಾತ್ರೆ ಕೊಡಲಿ, ಬಿ.ಪಿ. ನೋಡದೆ ಕೊಟ್ಟರೆ ತೆಗೆದುಕೊಳ್ಳಬೇಡಿ, ಮೊದಲು ಬಿ.ಪಿ. ನೋಡಿ ಎಂದು ನೀವೇ ಕೇಳಿ.